ಅಣ್ಣನ ಅರ್ಜಿ, ತಮ್ಮನ ಸರದಿ

ಅಮೆರಿಕದ ವಿದೇಶಾಂಗ ಇಲಾಖೆ ಪ್ರತಿ ತಿಂಗಳೂ ‘ವೀಸಾ ಬುಲೆಟಿನ್’ ಎಂಬ ಪ್ರಕಟಣೆ ಹೊರಡಿಸುತ್ತದೆ. ಅದರಲ್ಲಿರುವುದು ಕೆಲವು ಕೋಷ್ಟಕಗಳು, ಕೋಷ್ಟಕಗಳ ತುಂಬ ತಾರೀಖುಗಳು. ಮನೆಯವರಿಗೆ ಕಾಯಂ ವಾಸದ ಗ್ರೀನ್ ಕಾರ್ಡ್ ಕೊಡಿಸಲು ಅರ್ಜಿ ಹಾಕಿದವರು, ತಮ್ಮ ಅರ್ಜಿ ಸ್ವೀಕೃತವಾದ ದಿನವನ್ನು ಆ ತಾರೀಖಿನ ಪಕ್ಕ ಇಟ್ಟು ನೋಡುತ್ತಾರೆ. ಆ ದಿನಕ್ಕೆ ಅವರ ಬಾಯಲ್ಲಿ ‘ಪ್ರಯಾರಿಟಿ ಡೇಟ್’ ಎಂದೇ ಹೆಸರು. 2025ರ ಬುಲೆಟಿನ್‌ಗಳಲ್ಲಿ, ಒಡಹುಟ್ಟಿದವರ ವಿಭಾಗದಲ್ಲಿ, ಭಾರತದ ಅಂಕಣದಲ್ಲಿದ್ದ ವರ್ಷ 2006. ಅಮೆರಿಕದ ಪೌರನಾಗಿದ್ದ ಅಣ್ಣ 2006ರಲ್ಲಿ ಊರಿನ ತಮ್ಮನಿಗಾಗಿ ಹಾಕಿದ ಅರ್ಜಿಗೆ 2025ರಲ್ಲಿ ಸರದಿ ಬಂತು ಎಂದರ್ಥ. ಅರ್ಜಿ ಹಾಕಿದಾಗ ತಮ್ಮನಿಗೆ 35 ಆಗಿದ್ದರೆ ಸರದಿ ಬಂದಾಗ 54. ಮಕ್ಕಳು ದೊಡ್ಡವರಾಗಿದ್ದಾರೆ, ಕೆಲಸದಲ್ಲಿ ನಿವೃತ್ತಿ ಕಣ್ಣಿಗೆ ಕಾಣುತ್ತಿದೆ, ಹೆತ್ತವರು ಬಹುಶಃ ಇಲ್ಲ.

ಈ ಹತ್ತೊಂಬತ್ತು ವರ್ಷಗಳಲ್ಲಿ ಯಾವ ಅಧಿಕಾರಿಯೂ ಆ ತಮ್ಮನಿಗೆ ‘ನೀನು ಬರಬೇಡ’ ಎಂದು ಹೇಳಲಿಲ್ಲ. ಅರ್ಜಿ ಮಂಜೂರಾಗಿದೆ ಎಂಬ ಕಾಗದವೂ ಎಂದೋ ಕೈಸೇರಿತ್ತು. ಆದರೂ ಅವನು ಹೋಗಿ ಹೊಸ ಬದುಕು ಕಟ್ಟಬಹುದಾಗಿದ್ದ ವಯಸ್ಸು ಕಳೆದುಹೋಯಿತು. ಕುಟುಂಬದವರನ್ನು ಸ್ಪಾನ್ಸರ್ ಮಾಡಿ ಕಾಯಂ ವಾಸಕ್ಕೆ ಕರೆಸಿಕೊಳ್ಳುವ ಕಾನೂನುಗಳನ್ನು ದೇಶದಿಂದ ದೇಶಕ್ಕೆ ಓದುತ್ತಾ ಹೋದಾಗ ನನಗೆ ಮತ್ತೆ ಮತ್ತೆ ಎದುರಾದದ್ದು ಇದೇ ಸಂಗತಿ. ಗಂಡ, ಹೆಂಡತಿ, ಚಿಕ್ಕ ಮಕ್ಕಳು ಇಷ್ಟನ್ನು ಮಾತ್ರ ಈ ಕಾನೂನುಗಳು ಮನಸಾರೆ ಕುಟುಂಬವೆಂದು ಒಪ್ಪುತ್ತವೆ. ಅಪ್ಪ, ಅಮ್ಮ, ಅಣ್ಣ, ತಂಗಿ, ಬೆಳೆದ ಮಗಳು ಇವರ ವಿಷಯ ಬಂದಾಗ ಬಾಯಿಬಿಟ್ಟು ‘ಇಲ್ಲ’ ಎನ್ನಲು ಸರ್ಕಾರಗಳಿಗೆ ಧೈರ್ಯ ಸಾಲುವುದಿಲ್ಲ. ಅದರ ಬದಲು ಕಾಯಿಸುತ್ತವೆ, ಹಣ ಕೇಳುತ್ತವೆ, ಚೀಟಿ ಎತ್ತುತ್ತವೆ.

ಅಮೆರಿಕದ ಕತೆಯನ್ನು ಸ್ವಲ್ಪ ಹಿಂದಿನಿಂದ ಹೇಳಬೇಕು, ಯಾಕೆಂದರೆ ಈಗಿನ ಸರದಿಯ ಬೇರು ಅಲ್ಲಿದೆ. 1917ರ ಕಾನೂನು ಭಾರತವನ್ನೂ ಸೇರಿಸಿ ಏಷ್ಯಾದ ದೊಡ್ಡ ಭಾಗದಿಂದ ವಲಸೆಯನ್ನೇ ನಿಷೇಧಿಸಿತು. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆಯಲ್ಲಿ ದುಡಿದಿದ್ದ ಭಗತ್ ಸಿಂಗ್ ಥಿಂಡ್ ಪೌರತ್ವ ಕೇಳಿದಾಗ, ಭಾರತೀಯರು ಕಾನೂನಿನ ಅರ್ಥದಲ್ಲಿ ಬಿಳಿಯರಲ್ಲ, ಆದ್ದರಿಂದ ಪೌರರಾಗಲಾರರು ಎಂದು 1923ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. 1946ರ ಲೂಸ್-ಸೆಲ್ಲರ್ ಕಾನೂನು ಬಾಗಿಲನ್ನು ಒಂದಿಷ್ಟು ತೆರೆಯಿತು. ಇಡೀ ಭಾರತಕ್ಕೆ ವರ್ಷಕ್ಕೆ 100 ಮಂದಿ, ಅಷ್ಟೇ. ದೇಶವಾರು ಕೋಟಾ ಪದ್ಧತಿಯನ್ನು ಕಿತ್ತುಹಾಕಿದ್ದು 1965ರ ಹಾರ್ಟ್-ಸೆಲ್ಲರ್ ಕಾನೂನು. ಅಕ್ಟೋಬರ್ 3ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ನ್ಯೂಯಾರ್ಕ್‌ನಲ್ಲಿ ಸ್ವಾತಂತ್ರ್ಯ ದೇವಿಯ ಪ್ರತಿಮೆಯ ಬುಡದಲ್ಲಿ ಅದಕ್ಕೆ ಸಹಿ ಹಾಕಿದರು.

ಆ ಕಾನೂನು ಕುಟುಂಬಕ್ಕೆ ಮೊದಲ ಮಣೆ ಹಾಕಿದ್ದು ಕೇವಲ ಮಮತೆಯಿಂದಲ್ಲ. ಸರ್ಕಾರದ ಮೂಲ ಕರಡಿನಲ್ಲಿ ಕೌಶಲಕ್ಕೆ ಆದ್ಯತೆಯಿತ್ತು. ಪ್ರತಿನಿಧಿ ಸಭೆಯ ವಲಸೆ ಉಪಸಮಿತಿಯ ಅಧ್ಯಕ್ಷರಾಗಿದ್ದ ಒಹಾಯೊದ ಮೈಕೆಲ್ ಫೀಗನ್ ಅದನ್ನು ತಿರುಗಿಸಿ, ಬಂಧುತ್ವವನ್ನು ಮುಂದಕ್ಕೆ ತಂದರು. ದೇಶದಲ್ಲಿ ಆಗಲೇ ನೆಲೆಸಿದ್ದವರಲ್ಲಿ ಬಹುಪಾಲು ಯೂರೋಪಿನ ಮೂಲದವರಾದ್ದರಿಂದ, ಬಂಧುಗಳನ್ನು ಕರೆಸುವ ಹಕ್ಕು ಕೊಟ್ಟರೆ ಬರುವವರೂ ಯೂರೋಪಿಯನ್ನರೇ ಆಗಿರುತ್ತಾರೆ ಎಂಬ ಲೆಕ್ಕಾಚಾರ ಅದರ ಹಿಂದಿತ್ತು. ಒಡಹುಟ್ಟಿದವರಿಗೆ ವೀಸಾಗಳ ಶೇ. 24ರಷ್ಟು ಪಾಲು ಸಿಕ್ಕಿತು. ಆದರೆ ಯುದ್ಧದ ಬಳಿಕ ಚೇತರಿಸಿಕೊಂಡಿದ್ದ ಯೂರೋಪಿನಿಂದ ಹೊರಡುವ ಆತುರ ಕಡಿಮೆಯಾಗಿತ್ತು. ಕೌಶಲದ ಪಾಲಿನಲ್ಲಿ ಬಂದ ಭಾರತ, ಫಿಲಿಪ್ಪೀನ್ಸ್, ಕೊರಿಯಾದ ವೈದ್ಯರು ಮತ್ತು ಎಂಜಿನಿಯರುಗಳು ಐದು ವರ್ಷ ಕಳೆದು ಪೌರರಾಗಿ, ಅದೇ ಕುಟುಂಬದ ಬಾಗಿಲಿನಿಂದ ತಮ್ಮವರನ್ನು ಕರೆಸಿಕೊಂಡರು. ಮೈಸೂರು, ಬೆಂಗಳೂರು, ಹುಬ್ಬಳ್ಳಿಗಳ ಮೆಡಿಕಲ್ ಮತ್ತು ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಓದಿ ಹೋದ ಕನ್ನಡಿಗರ ಮೊದಲ ಪೀಳಿಗೆಯೂ ಈ ಗುಂಪಿನಲ್ಲಿತ್ತು. ಅಲ್ಲಿನ ಎಷ್ಟೋ ಊರುಗಳ ಕನ್ನಡ ಕೂಟಗಳಲ್ಲಿ ಹಳೆಯ ಸದಸ್ಯರ ಪಟ್ಟಿ ನೋಡಿದರೆ ಒಂದೇ ಮನೆಯ ಅಣ್ಣ, ತಮ್ಮ, ಭಾವ, ನಾದಿನಿ ಸಾಲಾಗಿ ಸಿಗುವುದಕ್ಕೆ ಈ ಕಾನೂನೇ ಕಾರಣ.

ಈಗ ಜಾರಿಯಲ್ಲಿರುವ ಚೌಕಟ್ಟು 1990ರದು. ಅಮೆರಿಕದ ಪೌರರ ಗಂಡ ಅಥವಾ ಹೆಂಡತಿ, 21 ತುಂಬದ ಅವಿವಾಹಿತ ಮಕ್ಕಳು, 21 ದಾಟಿದ ಪೌರರ ತಂದೆತಾಯಿ ಇವರಿಗೆ ಸಂಖ್ಯೆಯ ಮಿತಿಯಿಲ್ಲ. ಕಾಗದಪತ್ರ ನಡೆಯುವಷ್ಟು ಕಾಲ ಕಾದರೆ ಸಾಕು. ಉಳಿದವರು ನಾಲ್ಕು ವಿಭಾಗಗಳಲ್ಲಿ ಸರದಿ ನಿಲ್ಲಬೇಕು. ಪೌರರ ಬೆಳೆದ ಅವಿವಾಹಿತ ಮಕ್ಕಳಿಗೆ ವರ್ಷಕ್ಕೆ 23,400 ವೀಸಾ, ಗ್ರೀನ್ ಕಾರ್ಡ್‌ದಾರರ ಸಂಗಾತಿ ಮತ್ತು ಅವಿವಾಹಿತ ಮಕ್ಕಳಿಗೆ 1,14,200, ಪೌರರ ಮದುವೆಯಾದ ಮಕ್ಕಳಿಗೆ 23,400, ಒಡಹುಟ್ಟಿದವರಿಗೆ 65,000. ಒಟ್ಟು 2,26,000. ಸಾಮಾನ್ಯವಾಗಿ ಯಾವ ದೇಶಕ್ಕೂ ಇದರಲ್ಲಿ ಶೇ. 7ಕ್ಕಿಂತ ಹೆಚ್ಚು ಸಿಗಬಾರದು. ನೂರನಲವತ್ತು ಕೋಟಿ ಜನರ ಭಾರತಕ್ಕೂ ನಾಲ್ಕು ಲಕ್ಷ ಜನರ ಐಸ್‌ಲ್ಯಾಂಡಿಗೂ ಅದೇ ಮಿತಿ. ಇದರ ಜೊತೆಗೆ ಹೆಚ್ಚಿನವರ ಗಮನಕ್ಕೆ ಬಾರದ ಒಂದು ನಿಯಮವಿದೆ. ತಮ್ಮನಿಗೆ ಸರದಿ ಬಂದಾಗ ಅವನ ಹೆಂಡತಿ, ಇಬ್ಬರು ಮಕ್ಕಳೂ ಸೇರಿ ನಾಲ್ಕು ವೀಸಾ ಆ 65,000ದಿಂದಲೇ ಕಳೆಯುತ್ತವೆ. ಹಾಗಾಗಿ ವರ್ಷಕ್ಕೆ ನಿಜವಾಗಿ ಮುಂದೆ ಸರಿಯುವ ಅಣ್ಣತಮ್ಮಂದಿರ ಸಂಖ್ಯೆ ಅದಕ್ಕಿಂತ ಎಷ್ಟೋ ಕಡಿಮೆ. ನಾಲ್ಕೂ ವಿಭಾಗಗಳಲ್ಲಿ ಜಗತ್ತಿನಾದ್ಯಂತ ಸುಮಾರು 40 ಲಕ್ಷ ಜನ ಕಾಯುತ್ತಿದ್ದಾರೆ. ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಒಡಹುಟ್ಟಿದವರ ವಿಭಾಗದವರು.

ಸಂಗಾತಿಗಳ ವಿಷಯದಲ್ಲೂ ಈ ಕಾನೂನು ವಿಚಿತ್ರ ಗಂಟುಗಳನ್ನು ಹಾಕಿಟ್ಟಿದೆ. ಬೆಂಗಳೂರಿನಿಂದ ಎಚ್-1ಬಿ ವೀಸಾದ ಮೇಲೆ ತಾತ್ಕಾಲಿಕ ಕೆಲಸಕ್ಕೆ ಹೋದ ಹುಡುಗ ಮದುವೆಯಾದರೆ, ಹೆಂಡತಿಯನ್ನು ಎಚ್-4 ವೀಸಾದ ಮೇಲೆ ಕೆಲವೇ ತಿಂಗಳಲ್ಲಿ ಕರೆದೊಯ್ಯಬಹುದು. ಅದೇ ಹುಡುಗ ಗ್ರೀನ್ ಕಾರ್ಡ್ ಪಡೆದು ಕಾಯಂ ನಿವಾಸಿಯಾದ ಮೇಲೆ ಶಿವಮೊಗ್ಗಕ್ಕೆ ಬಂದು ಮದುವೆಯಾದರೆ, ಹೆಂಡತಿ ಸರದಿ ಕಾಯಬೇಕು. 2025ರ ಬಹುತೇಕ ಬುಲೆಟಿನ್‌ಗಳ ಪ್ರಕಾರ ಅದು ಸುಮಾರು ಮೂರು ವರ್ಷವಿತ್ತು. ನಡುವೆ ಪ್ರವಾಸಿ ವೀಸಾದ ಮೇಲೆ ಹೋಗಿಬರೋಣವೆಂದರೆ, ಕಾಯಂ ನೆಲೆಸುವ ಉದ್ದೇಶ ಆಗಲೇ ದಾಖಲಾಗಿರುವುದರಿಂದ ಅದು ಸಿಗುವ ಭರವಸೆಯಿಲ್ಲ. ತಾತ್ಕಾಲಿಕವಾಗಿ ಬಂದವನಿಗೆ ಇರುವ ಸೌಲಭ್ಯ ಕಾಯಂ ಆಗಿ ಬಂದವನಿಗಿಲ್ಲ! ಮದುವೆ ಗ್ರೀನ್ ಕಾರ್ಡ್‌ಗಿಂತ ಮೊದಲೋ ಆಮೇಲೋ ಎಂಬುದರ ಮೇಲೆ ಹೊಸ ದಂಪತಿ ಒಟ್ಟಿಗಿರುವುದು ನಿರ್ಧಾರವಾಗುತ್ತದೆ. ಇದು ತಪ್ಪು ಎಂಬುದು ಅಮೆರಿಕದ ಸಂಸತ್ತಿಗೂ ತಿಳಿದಿತ್ತು. 2000ದಲ್ಲಿ ‘ವಿ’ ವೀಸಾ ಎಂಬ ಪರಿಹಾರ ತಂದಿತು. ಆದರೆ ಆ ವರ್ಷದ ಡಿಸೆಂಬರ್ 21ರೊಳಗೆ ಅರ್ಜಿ ಹಾಕಿದ್ದವರಿಗೆ ಮಾತ್ರ ಅದನ್ನು ಸೀಮಿತಗೊಳಿಸಿ ಕೈತೊಳೆದುಕೊಂಡಿತು.

ತಂದೆತಾಯಿಗೆ ಮಿತಿಯಿಲ್ಲ ಎಂದೆ. ಆದರೆ ಅವರನ್ನು ಸ್ಪಾನ್ಸರ್ ಮಾಡಬಲ್ಲವರು ಪೌರರು ಮಾತ್ರ, ಗ್ರೀನ್ ಕಾರ್ಡ್ ಇದ್ದರೆ ಸಾಲದು. ಭಾರತದಿಂದ ಈಗ ಹೋಗುತ್ತಿರುವ ಪೀಳಿಗೆಗೆ ಇದರ ಅರ್ಥ ಏನೆಂದು ಲೆಕ್ಕ ಹಾಕಿ ನೋಡಿ. ಉದ್ಯೋಗದ ಆಧಾರದ ಗ್ರೀನ್ ಕಾರ್ಡ್‌ಗೂ ಅದೇ ಶೇ. 7ರ ಮಿತಿ. 2025ರಲ್ಲಿ ಎರಡನೇ ಉದ್ಯೋಗ ವಿಭಾಗದಲ್ಲಿ ಭಾರತೀಯರಿಗೆ ನಡೆಯುತ್ತಿದ್ದದ್ದು 2012-13ರ ಅರ್ಜಿಗಳು. ಇಂದು ಅರ್ಜಿ ಹಾಕುವವನ ಕಾಯುವಿಕೆ ಇದಕ್ಕಿಂತ ಉದ್ದ. ಗ್ರೀನ್ ಕಾರ್ಡ್ ಕೈಗೆ ಬಂದ ಮೇಲೆ ಪೌರತ್ವಕ್ಕೆ ಇನ್ನೂ ಐದು ವರ್ಷ. ಮೂವತ್ತರ ವಯಸ್ಸಿನಲ್ಲಿ ಸರದಿ ಸೇರಿದ ಮಗ ಅಪ್ಪ ಅಮ್ಮನಿಗೆ ಅರ್ಜಿ ಹಾಕುವ ಅರ್ಹತೆ ಪಡೆಯುವ ಹೊತ್ತಿಗೆ ಐವತ್ತು ದಾಟಿರುತ್ತಾನೆ, ಅವರು ಎಂಬತ್ತರ ಆಸುಪಾಸಿನಲ್ಲಿರುತ್ತಾರೆ. ಒಂದು ಸರದಿಯ ಬೆನ್ನ ಮೇಲೆ ಇನ್ನೊಂದು ಸರದಿ ಕೂತಿರುವುದನ್ನು ‘ಮಿತಿಯಿಲ್ಲದ ವಿಭಾಗ’ ಎಂಬ ಹೇಳಿಕೆ ಮುಚ್ಚಿಡುತ್ತದೆ.

ಈ ಕಾಯುವಿಕೆಯ ಅತ್ಯಂತ ಕಠೋರ ಹೊಡೆತ ಬೀಳುವುದು ಮಕ್ಕಳ ಮೇಲೆ. ಅರ್ಜಿ ಹಾಕಿದಾಗ ತಮ್ಮನ ಮಗಳು ಎಂಟು ವರ್ಷದವಳು. ಸರದಿ ಬಂದಾಗ ಇಪ್ಪತ್ತೇಳು. 21 ದಾಟಿದವರು ಕಾನೂನಿನ ಕಣ್ಣಿಗೆ ‘ಮಗು’ ಅಲ್ಲ, ತಂದೆತಾಯಿಯ ಜೊತೆ ಹೋಗಲಾರರು. 2002ರ ಮಕ್ಕಳ ರಕ್ಷಣಾ ಕಾನೂನು ಒಂದು ರಿಯಾಯಿತಿ ಕೊಟ್ಟಿತು. ಮೂಲ ಅರ್ಜಿಯನ್ನು ಪರಿಶೀಲಿಸಿ ಮಂಜೂರು ಮಾಡಲು ಇಲಾಖೆ ಎಷ್ಟು ಕಾಲ ತೆಗೆದುಕೊಂಡಿತೋ ಅಷ್ಟನ್ನು ಮಗುವಿನ ವಯಸ್ಸಿನಿಂದ ಕಳೆಯಬಹುದು. ಇಲಾಖೆ ನಾಲ್ಕು ವರ್ಷ ತೆಗೆದುಕೊಂಡಿದ್ದರೆ ಈ ಹುಡುಗಿಯ ವಯಸ್ಸು 23 ಎಂದಾಗುತ್ತದೆ. ಆಗಲೂ ಅವಳು ಹೊರಗೇ. ಇಂಥ ಮಕ್ಕಳಿಗೆ ಹಳೆಯ ಪ್ರಯಾರಿಟಿ ಡೇಟ್ ಅನ್ನಾದರೂ ಉಳಿಸಿಕೊಡಬೇಕೆಂಬ ವಾದ 2014ರಲ್ಲಿ ಸುಪ್ರೀಂ ಕೋರ್ಟಿಗೆ ಬಂತು. ಎಲ್ ಸಾಲ್ವಡಾರ್‌ನ ಕ್ವೆಯಾರ್ ದೆ ಓಸೋರಿಯೊ ಎಂಬ ತಾಯಿಯ ಸರದಿ ಬರುವ ಕೆಲವೇ ತಿಂಗಳ ಮೊದಲು ಅವರ ಮಗನಿಗೆ 21 ತುಂಬಿತ್ತು. ಈ ಬಗ್ಗೆ 2002ರ ಕಾನೂನಿನಲ್ಲಿರುವ ವಾಕ್ಯಕ್ಕೆ ಒಂದಕ್ಕಿಂತ ಹೆಚ್ಚು ಅರ್ಥ ಬರುತ್ತದೆ, ಸರ್ಕಾರ ಮಾಡಿದ ಅರ್ಥ ಒಪ್ಪತಕ್ಕದ್ದು ಎಂದು ನ್ಯಾಯಾಲಯ ಹೇಳಿತು. ಮಕ್ಕಳು ಮತ್ತೆ ಸರದಿಯ ಬಾಲಕ್ಕೆ ಹೋದರು. ವರ್ಷಗಟ್ಟಲೆ ಕಾದದ್ದು ಅವರೂ ಹೌದು, ಆದರೆ ಅವರ ಕಾಯುವಿಕೆ ಯಾರ ಲೆಕ್ಕಕ್ಕೂ ಬರಲಿಲ್ಲ.

ಸ್ಪಾನ್ಸರ್ ಮಾಡಿದವರು ತೀರಿಕೊಂಡರೆ ಅರ್ಜಿಯೂ ಸಾಮಾನ್ಯವಾಗಿ ರದ್ದಾಗುತ್ತದೆ. ಫಲಾನುಭವಿ ಆಗ ಅಮೆರಿಕದಲ್ಲೇ ವಾಸವಿದ್ದರೆ 2009ರ ತಿದ್ದುಪಡಿ ರಕ್ಷಣೆ ಕೊಡುತ್ತದೆ. ಊರಿನಲ್ಲಿದ್ದರೆ ಮಾನವೀಯ ನೆಲೆಯಲ್ಲಿ ಮರುಜೀವ ಕೊಡಿ ಎಂದು ಬೇಡಿಕೊಳ್ಳಬೇಕು. ಹತ್ತೊಂಬತ್ತು ವರ್ಷ ಕಾಯಿಸುವ ಕಾನೂನಿನಲ್ಲಿ ಈ ನಿಯಮ ಎಷ್ಟು ಮನೆಗಳನ್ನು ತಟ್ಟುತ್ತದೆ ಎಂದು ಬೇರೆ ಹೇಳಬೇಕಿಲ್ಲ.

ಮದುವೆಯ ಆಧಾರದ ಸ್ಪಾನ್ಸರ್‌ಶಿಪ್‌ಗೆ ಬಂದರೆ, ಅಲ್ಲಿ ಆಳುವುದು ಸಂಶಯ. ಇದರ ಅತಿ ಹೀನ ಅಧ್ಯಾಯ ಬ್ರಿಟನ್ನಿನದು. ಮದುವೆಯಾಗಲೆಂದು ಬಂದ ಭಾರತೀಯ ಶಿಕ್ಷಕಿಯೊಬ್ಬರನ್ನು 1979ರ ಜನವರಿಯಲ್ಲಿ ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣದಲ್ಲಿ ಕನ್ಯತ್ವ ಪರೀಕ್ಷೆಗೆ ಒಳಪಡಿಸಲಾಯಿತು. ಗಾರ್ಡಿಯನ್ ಪತ್ರಿಕೆ ಅದನ್ನು ಹೊರಗೆಡವಿದ ಮೇಲೆ, ಭಾರತದಲ್ಲೂ ಆಕ್ರೋಶ ಎದ್ದ ಮೇಲೆ, ಆ ಪದ್ಧತಿ ನಿಂತಿತು. ಮರುವರ್ಷ ಬಂದದ್ದು ‘ಪ್ರಧಾನ ಉದ್ದೇಶ’ದ ನಿಯಮ. ಮದುವೆಯ ಮುಖ್ಯ ಉದ್ದೇಶ ಬ್ರಿಟನ್ ಪ್ರವೇಶವಲ್ಲ ಎಂದು ಅರ್ಜಿದಾರರೇ ಸಾಬೀತುಪಡಿಸಬೇಕು. ಹಿರಿಯರು ನೋಡಿ ಮಾಡಿದ ಮದುವೆಯಲ್ಲಿ, ಹುಡುಗ ಹುಡುಗಿ ಕೆಲವೇ ಸಲ ಭೇಟಿಯಾಗಿರುವಾಗ, ಇಲ್ಲದ ಉದ್ದೇಶವನ್ನು ಇಲ್ಲವೆಂದು ಹೇಗೆ ತೋರಿಸುವುದು? ಉಪಖಂಡದ ಸಾವಿರಾರು ಅರ್ಜಿಗಳು ಇದೊಂದೇ ಕಾರಣಕ್ಕೆ ಬಿದ್ದುಹೋದವು. 1997ರಲ್ಲಿ ಲೇಬರ್ ಸರ್ಕಾರ ಬಂದೊಡನೆ ಆ ನಿಯಮವನ್ನು ಕೈಬಿಟ್ಟಿತು. ಈ ನಡುವೆ 1985ರಲ್ಲಿ ಯೂರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಬ್ರಿಟನ್ನಿನ ಕಿವಿ ಹಿಂಡಿತ್ತು. ಅಲ್ಲಿ ನೆಲೆಸಿದ ಗಂಡಸರು ಹೆಂಡತಿಯರನ್ನು ಸುಲಭವಾಗಿ ಕರೆಸಬಹುದಿತ್ತು, ಹೆಂಗಸರು ಗಂಡಂದಿರನ್ನು ಕರೆಸುವುದು ಕಷ್ಟವಿತ್ತು. ಇದು ಲಿಂಗತಾರತಮ್ಯ ಎಂದಿತು ನ್ಯಾಯಾಲಯ. ಬ್ರಿಟನ್ ಸಮಾನತೆ ತಂದದ್ದೇನೋ ನಿಜ, ಹೆಂಗಸರ ಹಾದಿಯನ್ನು ಸುಲಭಗೊಳಿಸಿ ಅಲ್ಲ, ಗಂಡಸರ ಹಾದಿಯನ್ನೂ ಅಷ್ಟೇ ಕಷ್ಟಗೊಳಿಸಿ.

ಅಮೆರಿಕದಲ್ಲಿ 1986ರಿಂದ ಷರತ್ತಿನ ಗ್ರೀನ್ ಕಾರ್ಡ್ ಇದೆ. ಮದುವೆಯಾಗಿ ಎರಡು ವರ್ಷ ತುಂಬುವ ಮೊದಲೇ ಕಾರ್ಡ್ ಸಿಕ್ಕರೆ ಅದರ ಆಯುಷ್ಯ ಎರಡು ವರ್ಷ. ಅದು ಮುಗಿಯುವ ಮುಂಚಿನ ತೊಂಬತ್ತು ದಿನಗಳಲ್ಲಿ ಗಂಡ ಹೆಂಡತಿ ಜಂಟಿಯಾಗಿ ಮತ್ತೆ ಅರ್ಜಿ ಹಾಕಿ ಷರತ್ತು ತೆಗೆಸಬೇಕು. ಸುಳ್ಳು ಮದುವೆ ತಡೆಯಲು ಬಂದ ಈ ನಿಯಮ, ಕೈಯೆತ್ತುವ ಗಂಡನಿಗೆ ಹೊಸದೊಂದು ಆಯುಧ ಕೊಟ್ಟಿತು. ಸಹಿ ಹಾಕುವುದಿಲ್ಲ, ಊರಿಗೆ ಕಳಿಸಿಬಿಡುತ್ತೇನೆ ಎಂಬ ಬೆದರಿಕೆಗೆ ಕಾನೂನಿನ ಬಲ ಸೇರಿತು. 1994ರ ಮಹಿಳೆಯರ ಮೇಲಿನ ಹಿಂಸೆ ತಡೆ ಕಾನೂನು ಇದಕ್ಕೆ ಮದ್ದು ತಂದಿತು. ಹಿಂಸೆಗೆ ಒಳಗಾದವರು ಗಂಡನ ನೆರವಿಲ್ಲದೆ, ಅವನಿಗೆ ತಿಳಿಯದಂತೆ ತಾವೇ ಅರ್ಜಿ ಹಾಕಿಕೊಳ್ಳಬಹುದು. ಈ ಅವಕಾಶ ಪೌರರ ಮತ್ತು ಗ್ರೀನ್ ಕಾರ್ಡ್‌ದಾರರ ಸಂಗಾತಿಗಳಿಗೆ ಮಾತ್ರ. ಎಚ್-4 ವೀಸಾದಲ್ಲಿರುವ ನಮ್ಮ ಹೆಣ್ಣುಮಕ್ಕಳು ಇದರ ಹೊರಗಿದ್ದಾರೆ. ಮಗಳನ್ನು ದೂರದೇಶಕ್ಕೆ ಮದುವೆ ಮಾಡಿಕೊಡುವ ತಂದೆತಾಯಿ ಹುಡುಗನ ಸಂಬಳಕ್ಕಿಂತ ಮೊದಲು ಕೇಳಬೇಕಾದದ್ದು ಅವನ ಮತ್ತು ತಮ್ಮ ಮಗಳ ವೀಸಾ ಯಾವುದು, ಕೈಬಿಟ್ಟರೆ ಅವಳಿಗೆ ಯಾವ ಹಕ್ಕಿದೆ ಎಂಬುದನ್ನು. ದೆಹಲಿಯ ರಾಷ್ಟ್ರೀಯ ಮಹಿಳಾ ಆಯೋಗದಲ್ಲಿ ಅನಿವಾಸಿ ಮದುವೆಗಳ ದೂರುಗಳಿಗೆಂದೇ ಪ್ರತ್ಯೇಕ ವಿಭಾಗ ಇರುವುದನ್ನೂ ತಿಳಿದಿರಬೇಕು.

ಸಂಗಾತಿಯೊಡನೆ ಬಾಳುವುದು ಮೂಲಭೂತ ಹಕ್ಕಲ್ಲವೇ ಎಂದು ಕೇಳಬಹುದು. 2024ರ ಜೂನ್‌ನಲ್ಲಿ ಮುನ್ಯೋಸ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಇದಕ್ಕೆ ಉತ್ತರ ಕೊಟ್ಟಿದೆ. ವಿದೇಶೀ ಸಂಗಾತಿಯನ್ನು ದೇಶದೊಳಕ್ಕೆ ಬಿಟ್ಟುಕೊಳ್ಳಬೇಕೆಂಬ ಸಂವಿಧಾನಾತ್ಮಕ ಹಕ್ಕು ಪೌರರಿಗೂ ಇಲ್ಲ.

ಇನ್ನು ದುಡ್ಡಿನ ಮಾತು. ಅಮೆರಿಕದಲ್ಲಿ ಸ್ಪಾನ್ಸರ್ ಮಾಡುವವರು ಸಾಮಾನ್ಯವಾಗಿ ಬಡತನ ರೇಖೆಯ ಶೇ. 125ರಷ್ಟು ಆದಾಯ ತೋರಿಸಿ, ಬಂದವರನ್ನು ಪೋಷಿಸುವುದಾಗಿ ಮುಚ್ಚಳಿಕೆ ಬರೆದುಕೊಡಬೇಕು. ಕೈಯಲ್ಲಿ ಅಷ್ಟಿಲ್ಲದಿದ್ದರೆ ಬೇರೊಬ್ಬರು ಜಂಟಿಯಾಗಿ ಸಹಿ ಹಾಕಬಹುದು. ಕನ್ನಡ ಕೂಟಗಳ ಗೆಳೆಯರಲ್ಲಿ ಇಂಥ ಸಹಿ ಕೇಳುವುದುಂಟು. ದಾಕ್ಷಿಣ್ಯಕ್ಕೆ ಬಸಿರಾಗುವ ಮುನ್ನ ಆ ಮುಚ್ಚಳಿಕೆ ಎಷ್ಟು ಕಾಲದ್ದೆಂದು ಓದಬೇಕು. ಬಂದವರು ಪೌರರಾಗುವವರೆಗೆ, ಅಥವಾ ಸುಮಾರು ಹತ್ತು ವರ್ಷದ ದುಡಿಮೆ ಅವರ ಲೆಕ್ಕಕ್ಕೆ ಸೇರುವವರೆಗೆ, ಅಥವಾ ಕಾಯಂ ದೇಶ ಬಿಡುವವರೆಗೆ, ಇಲ್ಲವೇ ಸಾಯುವವರೆಗೆ ಅದು ಜೀವಂತ. ವಿಚ್ಛೇದನದಿಂದಲೂ ಕೊನೆಗೊಳ್ಳುವುದಿಲ್ಲ. ಬ್ರಿಟನ್ನಿನಲ್ಲಿ ಸಂಗಾತಿಯನ್ನು ಕರೆಸಲು ಬೇಕಾದ ವಾರ್ಷಿಕ ಆದಾಯವನ್ನು 2012ರಲ್ಲಿ 18,600 ಪೌಂಡ್ ಎಂದು ನಿಗದಿ ಮಾಡಿ, 2024ರ ಏಪ್ರಿಲ್‌ನಲ್ಲಿ ಒಂದೇ ಏಟಿಗೆ 29,000ಕ್ಕೆ ಏರಿಸಿದರು. ದಾದಿಯರ ಕೈಕೆಳಗೆ ದುಡಿಯುವ ಆರೈಕೆ ಸಿಬ್ಬಂದಿ, ಅಂಗಡಿಯ ನೌಕರರು ಎಷ್ಟೋ ಮಂದಿ ಅಷ್ಟು ಗಳಿಸುವುದಿಲ್ಲ. ಅವರಿಗೆ ಪ್ರೀತಿಸಲು ಅಡ್ಡಿಯಿಲ್ಲ, ಸಂಸಾರ ಮಾಡಲು ಮಾತ್ರ ಅಡ್ಡಿ.

ತಂದೆತಾಯಿಯ ವಿಷಯದಲ್ಲಿ ದೇಶಗಳ ಬಣ್ಣ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಕೆನಡಾದಲ್ಲಿ ಕಾಯಂ ನಿವಾಸಿಗಳೂ ತಂದೆತಾಯಿ, ಅಜ್ಜ ಅಜ್ಜಿಯರಿಗೆ ಸ್ಪಾನ್ಸರ್ ಆಗಬಹುದು. ಕೇಳಲು ಉದಾರವಾಗಿದೆ. ಆದರೆ ಅರ್ಜಿಗಳು ಲಕ್ಷ ಮೀರಿ ಗುಡ್ಡೆ ಬಿದ್ದು 2011ರ ನವೆಂಬರ್‌ನಲ್ಲಿ ಯೋಜನೆಯನ್ನೇ ನಿಲ್ಲಿಸಿದರು. 2014ರಲ್ಲಿ ವರ್ಷಕ್ಕೆ 5,000 ಅರ್ಜಿಗಳ ಮಿತಿಯೊಡನೆ ಮತ್ತೆ ತೆರೆದರು. ಸ್ಪಾನ್ಸರ್ ಆದವರ ಹೊಣೆಯನ್ನು ಹತ್ತು ವರ್ಷದಿಂದ ಇಪ್ಪತ್ತಕ್ಕೆ ಏರಿಸಿದರು. 2017ರಲ್ಲಿ ಲಾಟರಿ ತಂದರು. ಅದಕ್ಕೆ ವಿರೋಧ ಬಂದಾಗ 2019ರ ಜನವರಿಯಲ್ಲಿ ಮೊದಲು ಬಂದವರಿಗೆ ಮೊದಲ ಅವಕಾಶ ಎಂದು ಆನ್‌ಲೈನ್ ಫಾರಂ ಬಿಟ್ಟರು. ಹತ್ತು ಹನ್ನೊಂದು ನಿಮಿಷಗಳಲ್ಲಿ 27,000 ಫಾರಂ ತುಂಬಿ ಬಾಗಿಲು ಮುಚ್ಚಿತು. ಬೆರಳು ಚುರುಕಿಲ್ಲದವರು, ಕಣ್ಣು ಕಾಣದವರು, ಆ ಹೊತ್ತಿಗೆ ಪಾಳಿಯಲ್ಲಿದ್ದವರು ಎಲ್ಲ ಹೊರಗುಳಿದರು. 2020ರಲ್ಲಿ ಮತ್ತೆ ಲಾಟರಿಗೆ ಮರಳಿ, ಆಸಕ್ತರ ಹೆಸರು ಬರೆದುಕೊಂಡರು. ಅಲ್ಲಿಂದ 2025ರವರೆಗೂ ಪ್ರತಿವರ್ಷ ಕರೆದದ್ದು ಅದೇ 2020ರ ಪಟ್ಟಿಯಿಂದ. 2021ರಲ್ಲಿ ಕೆನಡಾದ ಕಾಯಂ ವಾಸ (ಪಿ.ಆರ್.) ಪಡೆದ ಬೆಳಗಾವಿಯ ಹುಡುಗಿಗೆ ತಾಯಿಯ ಹೆಸರು ಬರೆಸಲು ಒಂದು ಸಲವೂ ಅವಕಾಶ ಸಿಕ್ಕಿಲ್ಲ.

ಆಸ್ಟ್ರೇಲಿಯಾ ಮೊದಲು ಮಕ್ಕಳನ್ನು ಎಣಿಸುತ್ತದೆ. ಒಟ್ಟು ಮಕ್ಕಳಲ್ಲಿ ಅರ್ಧದಷ್ಟಾದರೂ ಆಸ್ಟ್ರೇಲಿಯಾದಲ್ಲಿ ನೆಲೆಸಿರಬೇಕು, ಇಲ್ಲವೇ ಬೇರಾವುದೇ ಒಂದು ದೇಶಕ್ಕಿಂತ ಅಲ್ಲಿ ಹೆಚ್ಚು ಮಕ್ಕಳಿರಬೇಕು. ಮೂವರು ಮಕ್ಕಳಲ್ಲಿ ಇಬ್ಬರು ಕರ್ನಾಟಕದಲ್ಲಿ, ಒಬ್ಬಳು ಮೆಲ್ಬರ್ನ್‌ನಲ್ಲಿ ಇದ್ದರೆ ತಾಯಿಗೆ ಅರ್ಹತೆಯಿಲ್ಲ. ಅವಳನ್ನು ನೋಡಿಕೊಳ್ಳುವುದು ಆ ಮಗಳೊಬ್ಬಳೇ ಆಗಿದ್ದರೂ ಇಲ್ಲ. ಅರ್ಹತೆ ಇದ್ದವರಿಗೆ ಎರಡು ದಾರಿ. ಸಾಮಾನ್ಯ ಶುಲ್ಕದ್ದಾದರೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಯಬೇಕು. 2003ರಲ್ಲಿ ಬಂದ ‘ಕಾಂಟ್ರಿಬ್ಯೂಟರಿ’ ವೀಸಾಕ್ಕೆ ತಲೆಗೆ 48,000 ಆಸ್ಟ್ರೇಲಿಯನ್ ಡಾಲರ್‌ಗೂ ಹೆಚ್ಚು ಕಟ್ಟಬೇಕು, ಅದಕ್ಕೂ ಈಗ ಹತ್ತು ವರ್ಷ ಮೀರಿದ ಸರದಿ. ಅರವತ್ತೈದರ ತಾಯಿಗೆ ಮೂವತ್ತು ವರ್ಷ ಕಾಯುವ ವೀಸಾ ಕೊಡುವುದನ್ನು ಯಾವ ಭಾಷೆಯಲ್ಲಿ ಕೊಡುವುದು ಎನ್ನುತ್ತಾರೋ ತಿಳಿಯದು. ಬ್ರಿಟನ್ ಈ ಸೋಗನ್ನೂ ಬಿಟ್ಟಿದೆ. 2012ರ ನಿಯಮದ ಪ್ರಕಾರ ವಯಸ್ಸು ಅಥವಾ ಕಾಯಿಲೆಯಿಂದ ದೈನಂದಿನ ಕೆಲಸಗಳಿಗೂ ಇನ್ನೊಬ್ಬರ ಕೈ ಬೇಕಾಗಿರಬೇಕು, ಆ ಆರೈಕೆ ಸ್ವದೇಶದಲ್ಲಿ ದುಡ್ಡು ಕೊಟ್ಟರೂ ಸಿಗುವಂತಿರಬಾರದು. ಬೆಂಗಳೂರಿನಂಥ ಊರಿನಲ್ಲಿ ಮನೆಗೆ ಬಂದು ನೋಡಿಕೊಳ್ಳುವವರು ದುಡ್ಡಿಗೆ ಸಿಗುತ್ತಾರೆ. ಹಾಗಾಗಿ ಅರ್ಜಿ ಅಲ್ಲಿಗೇ ಮುಗಿಯುತ್ತದೆ. ಮಗನ ಕೈಯಿಂದ ನೀರು ಕುಡಿಯುವುದಕ್ಕೂ ಸಂಬಳದ ಕೈಯಿಂದ ಕುಡಿಯುವುದಕ್ಕೂ ಆ ನಿಯಮದಲ್ಲಿ ವ್ಯತ್ಯಾಸವಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಇನ್ನೊಂದು ಮಾತನ್ನೂ ಹೇಳಬೇಕು. ನಮ್ಮ ಕಡೆಯ ತಂದೆತಾಯಿಗಳಲ್ಲಿ ಬಹಳ ಮಂದಿಗೆ ಕಾಯಂ ವಾಸವೇ ಬೇಕಿಲ್ಲ. ಮಗಳ ಬಾಣಂತನಕ್ಕೆ ಹೋಗಬೇಕು, ಮೊಮ್ಮಕ್ಕಳ ಜೊತೆ ಒಂದಷ್ಟು ದಿನ ಇರಬೇಕು, ಕೈಲಾಗದ ಕಾಲಕ್ಕೆ ಮಕ್ಕಳ ಹತ್ತಿರ ಇರುವ ದಾರಿ ತೆರೆದಿರಬೇಕು, ಆದರೆ ಊರಿನ ಮನೆ, ತೋಟ, ಪಿಂಚಣಿ, ನೆರೆಹೊರೆ ಬಿಡಬಾರದು. ಅಮೆರಿಕದ ಗ್ರೀನ್ ಕಾರ್ಡ್ ಈ ಬದುಕಿಗೆ ಹೊಂದುವುದಿಲ್ಲ. ಒಂದು ವರ್ಷಕ್ಕೂ ಮೇಲ್ಪಟ್ಟು ಹೊರಗಿರಬೇಕಾದರೆ ಮೊದಲೇ ಮರುಪ್ರವೇಶದ ಅನುಮತಿ ಪಡೆದಿರಬೇಕು. ಆರು ತಿಂಗಳು ದಾಟಿದರೂ ಪೌರತ್ವದ ಲೆಕ್ಕ ಕೆಡಬಹುದು, ವಿಮಾನ ನಿಲ್ದಾಣದಲ್ಲಿ ಪ್ರಶ್ನೆಗಳು ಬರಬಹುದು. ದುಡಿದ ದಾಖಲೆಯಿಲ್ಲದ ಹಿರಿಯರಿಗೆ 65 ದಾಟಿ, ಐದು ವರ್ಷ ಸತತ ವಾಸವಾದ ಮೇಲಷ್ಟೇ ಕಂತು ಕಟ್ಟಿ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್ ಸೇರಲು ಸಾಧ್ಯ. ಅಲ್ಲಿಯವರೆಗೆ ಖಾಸಗಿ ವಿಮೆ. ಕಾರು ಓಡಿಸಲು ಬಾರದ, ನಡೆದು ಹೋಗಲು ಅಂಗಡಿಯೂ ಇಲ್ಲದ ಬಡಾವಣೆಯಲ್ಲಿ, ಮಗ ಸೊಸೆ ಕೆಲಸಕ್ಕೆ ಹೋದ ಹಗಲುಗಳನ್ನು ಕಾರ್ಡ್ ಉಳಿಸಿಕೊಳ್ಳುವುದಕ್ಕಾಗಿಯೇ ಕಳೆಯುವ ಹಿರಿಯರಿದ್ದಾರೆ.

ಈ ಬಗೆಯ ಕುಟುಂಬಕ್ಕೆ ಸರಿಹೊಂದುವ ಅಳತೆ ಕೆನಡಾದ ಸೂಪರ್ ವೀಸಾ ಎಂದು ನನಗನಿಸುತ್ತದೆ. 2011ರಲ್ಲಿ ಅರ್ಜಿ ನಿಲ್ಲಿಸಿದಾಗ ಸಮಾಧಾನಕ್ಕೆಂದು ತಂದದ್ದು ಅದು. ಹತ್ತು ವರ್ಷದವರೆಗೆ ಹಲವು ಸಲ ಹೋಗಿಬರಬಹುದು, 2022ರಿಂದ ಒಂದು ಸಲಕ್ಕೆ ಐದು ವರ್ಷ ಇರಬಹುದು, ಒಂದು ಲಕ್ಷ ಕೆನಡಾ ಡಾಲರ್‌ನ ಆರೋಗ್ಯ ವಿಮೆ ಮಾತ್ರ ಕಡ್ಡಾಯ. ಆಸ್ಟ್ರೇಲಿಯಾದಲ್ಲೂ 2019ರಿಂದ ಮೂರು ಅಥವಾ ಐದು ವರ್ಷದ ಪೋಷಕ ವೀಸಾ ಇದೆ, ಒಟ್ಟು ಹತ್ತು ವರ್ಷದವರೆಗೆ. ಕೊರತೆ ಇರುವುದು ಒಂದೇ ಕಡೆ. ತೀರ ಕೈಲಾಗದ ಸ್ಥಿತಿ ಬಂದಾಗ ಈ ತಾತ್ಕಾಲಿಕ ವೀಸಾದಿಂದ ಕಾಯಂ ವಾಸಕ್ಕೆ ಸೇತುವೆಯಿಲ್ಲ. ಆ ಸೇತುವೆಯನ್ನು ಕಟ್ಟಿದರೆ, ಲಾಟರಿಯ ಮುಂದೆ ನಿಂತಿರುವವರಲ್ಲಿ ಅನೇಕರು ತಾವಾಗಿಯೇ ಹಿಂದೆ ಸರಿಯುತ್ತಾರೆ.

ಅಮೆರಿಕದ ಸರದಿ ಬಂದರೂ ದಾಖಲೆಯ ಗಂಡಾಂತರ ಬಾಕಿ ಇರುತ್ತದೆ, ಅದು ನಡೆಯುವುದು ನಮ್ಮ ತಾಲ್ಲೂಕು ಕಚೇರಿಗಳಲ್ಲಿ. ಅಣ್ಣ ತಮ್ಮ ಎಂದು ಸಾಬೀತುಪಡಿಸಲು ಇಬ್ಬರ ಜನನ ಪ್ರಮಾಣಪತ್ರ ಬೇಕು, ಎರಡರಲ್ಲೂ ಅದೇ ತಂದೆ ಅಥವಾ ತಾಯಿಯ ಹೆಸರಿರಬೇಕು. ಭಾರತದಲ್ಲಿ ಜನನ ಮರಣ ನೋಂದಣಿಗೆ ಏಕರೂಪದ ಕಾನೂನು ಬಂದದ್ದೇ 1969ರಲ್ಲಿ. ಹಳ್ಳಿಯ ಮನೆಗಳಲ್ಲಿ ಸೂಲಗಿತ್ತಿಯ ಕೈಯಲ್ಲಿ ಹುಟ್ಟಿದವರ ದಾಖಲೆ ಆಮೇಲೂ ಎಷ್ಟೋ ಕಾಲ ಸರಿಯಾಗಿ ಆಗಲಿಲ್ಲ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಅಂದಾಜಿನಿಂದ ಬರೆದ ಹುಟ್ಟಿದ ದಿನವೇ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೂ ಪಾಸ್‌ಪೋರ್ಟಿಗೂ ಏರಿದೆ. ತಾಯಿಗೆ ತವರಿನಲ್ಲಿ ಒಂದು ಹೆಸರು, ಮದುವೆಯಲ್ಲಿ ಅಕ್ಕಿಯ ಮೇಲೆ ಬರೆದ ಇನ್ನೊಂದು ಹೆಸರು, ಪಡಿತರ ಚೀಟಿಯಲ್ಲಿ ಮೂರನೆಯದು. ಅಣ್ಣನ ಹೆಸರಿನ ಮುಂದೆ ಊರಿನ ಇನಿಶಿಯಲ್, ತಮ್ಮನ ಹೆಸರಿನ ಮುಂದೆ ಅಪ್ಪನದು ಮಾತ್ರ. ಊರಿನಲ್ಲಿ ಎಲ್ಲರಿಗೂ ಗೊತ್ತಿರುವ ಸಂಬಂಧ ಮುಂಬೈಯ ಅಮೆರಿಕನ್ ಕಾನ್ಸುಲೇಟಿನ ಕಿಟಕಿಯ ಮುಂದೆ ಅನುಮಾನಕ್ಕೆ ಗುರಿಯಾಗುತ್ತದೆ.

ದಾಖಲೆ ಇಲ್ಲದಿದ್ದರೆ ‘ಲಭ್ಯವಿಲ್ಲ’ ಎಂಬ ಪ್ರಮಾಣಪತ್ರವನ್ನು ನೋಂದಣಾಧಿಕಾರಿಯಿಂದ ಪಡೆದು, ಶಾಲೆಯ ದಾಖಲೆ, ಹತ್ತಿರದ ಹಿರಿಯರ ಅಫಿಡವಿಟ್ ಸೇರಿಸಿ ಕೊಡಬಹುದು. ಈಗ ತಡವಾಗಿ ನೋಂದಾಯಿಸಿ ಹೊಸ ಪ್ರಮಾಣಪತ್ರ ಮಾಡಿಸಿದರೆ ಸಾಲದು, ಜೊತೆಗೆ ಹಳೆಯ ಪುರಾವೆ ಬೇಕೆಂದು ಕೇಳುತ್ತಾರೆ. ಹೆಸರಿನ ಗೊಂದಲವನ್ನು ಅರ್ಜಿ ಹಾಕುವ ವರ್ಷವೇ ಸರಿಪಡಿಸಿಕೊಳ್ಳುವುದು ಕ್ಷೇಮ. ಯಾಕೆಂದರೆ ಅಫಿಡವಿಟ್ ಬರೆದುಕೊಡಬಲ್ಲ ಸೋದರಮಾವ, ದೊಡ್ಡಮ್ಮ ಆಗ ಬದುಕಿರುತ್ತಾರೆ. ಇಪ್ಪತ್ತು ವರ್ಷ ಕಳೆದು ಪತ್ರ ಬಂದಾಗ ನೋಡಿದವರೇ ಇರುವುದಿಲ್ಲ.

ಇಷ್ಟೂ ವಿಭಾಗಗಳಲ್ಲಿ ಎಲ್ಲೂ ಸೇರದ ಬಂಧುಗಳಿದ್ದಾರೆ. ಮದುವೆಯಾಗದೆ ಅಣ್ಣನ ಮನೆಯಲ್ಲೇ ಉಳಿದು ಅವನ ಮಕ್ಕಳನ್ನು ಸಾಕಿದ ಸೋದರತ್ತೆಗೆ ಅಮೆರಿಕದಲ್ಲಿ ಯಾವ ವಿಭಾಗವೂ ಇಲ್ಲ. ತೀರಿಕೊಂಡ ತಮ್ಮನ ಮಗನನ್ನು ಸ್ವಂತ ಮಗನಂತೆ ಬೆಳೆಸಿದರೂ, ಹದಿನಾರು ತುಂಬುವ ಮೊದಲು ಕಾನೂನುಬದ್ಧ ದತ್ತು ಮತ್ತು ಅದರ ಇತರ ಷರತ್ತುಗಳು ಪೂರೈಸದಿದ್ದರೆ ಅವನು ಮಗನಲ್ಲ. ತಾಯಿಗೆ ಗ್ರೀನ್ ಕಾರ್ಡ್ ಸಿಕ್ಕರೆ ಅವಳ ಜೊತೆಯಲ್ಲೇ ಇರುವ ಕಿರಿಯ ಮಗಳಿಗೆ ಸಿಗುವುದಿಲ್ಲ, ಆ ವಿಭಾಗದಲ್ಲಿ ಅವಲಂಬಿತರಿಗೆ ಜಾಗವಿಲ್ಲ. ಕೆನಡಾದಲ್ಲಿ ತಾನು ಪಿ.ಆರ್. ಪಡೆಯುವಾಗ ಯಾವುದೋ ಕಾರಣಕ್ಕೆ ಹೇಳದೆ ಬಿಟ್ಟ ಮಗುವನ್ನು ಮುಂದೆ ಸ್ಪಾನ್ಸರ್ ಮಾಡುವ ದಾರಿಯೇ ಸಾಮಾನ್ಯವಾಗಿ ಮುಚ್ಚಿಹೋಗುತ್ತದೆ. ನಮ್ಮ ಕರಾವಳಿಯ ಸಾವಿರಾರು ಮನೆಗಳು ನಂಬಿರುವ ಕೊಲ್ಲಿ ದೇಶಗಳಲ್ಲಂತೂ ಪ್ರಶ್ನೆಯೇ ಬೇರೆ. ಅಲ್ಲಿ ಸಂಬಳ ಇಷ್ಟಿದ್ದರೆ ಹೆಂಡತಿ ಮಕ್ಕಳನ್ನು ಕರೆಸಬಹುದು, ಕೆಲಸ ಹೋದರೆ ಸಾಮಾನ್ಯವಾಗಿ ಇಡೀ ಕುಟುಂಬದ ವಾಸವೂ ಮುಗಿಯುತ್ತದೆ.

ಒಬ್ಬನಿಗೆ ಬಾಗಿಲು ತೆರೆದರೆ ಸರಪಳಿಯಂತೆ ಊರೇ ಬರುತ್ತದೆ ಎಂಬುದು ಅಮೆರಿಕದಲ್ಲಿ ಬಹುಕಾಲದಿಂದ ಕೇಳಿಬರುತ್ತಿರುವ ಆಕ್ಷೇಪ. ಅಲ್ಲಿ ಪ್ರತಿವರ್ಷ ಕಾಯಂ ವಾಸ ಪಡೆಯುವವರಲ್ಲಿ ಸರಿಸುಮಾರು ಮೂರನೇ ಎರಡರಷ್ಟು ಜನ ಕುಟುಂಬದ ದಾರಿಯಿಂದ ಬಂದವರು ಎಂಬುದು ನಿಜ. ಆದರೆ ಅವರಲ್ಲಿ ದೊಡ್ಡ ಪಾಲು ಪೌರರ ಸಂಗಾತಿ, ಮಕ್ಕಳು, ತಂದೆತಾಯಿ. ಹತ್ತೊಂಬತ್ತು ವರ್ಷಕ್ಕೊಂದು ಕೊಂಡಿ ಸೇರುವ ಸರಪಳಿಗೆ ಊರನ್ನು ಎಳೆದು ತರುವ ಬಲವಿಲ್ಲ. ಹಾಗೆಂದು ಆಕ್ಷೇಪ ಎತ್ತಿದವರೆಲ್ಲ ವಲಸೆಯ ದ್ವೇಷಿಗಳೂ ಅಲ್ಲ. ಕರಿಯರ ಹಕ್ಕುಗಳಿಗಾಗಿ ಹೋರಾಡಿದ ಬಾರ್ಬರಾ ಜೋರ್ಡನ್ ಅವರ ನೇತೃತ್ವದ ಆಯೋಗ 1995ರಲ್ಲಿ ಒಡಹುಟ್ಟಿದವರ ಮತ್ತು ಬೆಳೆದ ಮಕ್ಕಳ ವಿಭಾಗಗಳನ್ನು ರದ್ದು ಮಾಡಿ, ಆ ಸಂಖ್ಯೆಯನ್ನು ಸಂಗಾತಿಗಳಿಗೂ ಚಿಕ್ಕ ಮಕ್ಕಳಿಗೂ ಕೊಡಿ ಎಂದಿತು. ಪೂರೈಸಲಾಗದ ಭರವಸೆ ಕೊಡಬಾರದು ಎಂಬ ವಾದ ಅದರಲ್ಲಿತ್ತು. 2013ರಲ್ಲಿ ಸೆನೆಟ್ 68-32 ಮತಗಳಿಂದ ಒಪ್ಪಿದ ಸುಧಾರಣಾ ಮಸೂದೆಯೂ ಒಡಹುಟ್ಟಿದವರ ವಿಭಾಗವನ್ನು ಕೈಬಿಡಲು ಹೊರಟಿತ್ತು, ಆದರೆ ಆಗಲೇ ಕಾಯುತ್ತಿದ್ದವರ ಬಾಕಿಯನ್ನು ತೀರಿಸುವ ಏರ್ಪಾಡಿನೊಡನೆ. ಪ್ರತಿನಿಧಿ ಸಭೆ ಅದನ್ನು ಕೈಗೆತ್ತಿಕೊಳ್ಳಲೇ ಇಲ್ಲ.

ನಾನು ಒಡಹುಟ್ಟಿದವರ ಪರ. ಹೊಸ ದೇಶದಲ್ಲಿ ಅಂಗಡಿ ತೆರೆಯಲು, ಮಗು ನೋಡಿಕೊಳ್ಳಲು, ಕಾಯಿಲೆ ಬಿದ್ದಾಗ ರಾತ್ರಿ ಆಸ್ಪತ್ರೆಯಲ್ಲಿ ಕೂರಲು ಒದಗುವುದು ಅಕ್ಕನೋ ತಮ್ಮನೋ ಹೊರತು ಸರ್ಕಾರವಲ್ಲ. ಆದರೂ ಜೋರ್ಡನ್ ಆಯೋಗದ ಕಳಕಳಿಯನ್ನು ತಳ್ಳಿಹಾಕಲಾರೆ. ಒಟ್ಟು ಸಂಖ್ಯೆ ಹೆಚ್ಚಿಸಲು ರಾಜಕೀಯ ಒಪ್ಪಿಗೆ ಇಲ್ಲದಿದ್ದರೂ ಮಾಡಬಹುದಾದ ಕೆಲಸಗಳಿವೆ. ಅರ್ಜಿ ಹಾಕಿದ ದಿನದ ವಯಸ್ಸನ್ನೇ ಮಕ್ಕಳ ವಯಸ್ಸೆಂದು ಹಿಡಿಯಬಹುದು. ಸ್ಪಾನ್ಸರ್ ತೀರಿಕೊಂಡರೆ ಇನ್ನೊಬ್ಬ ಬಂಧು ಅದೇ ಅರ್ಜಿಯನ್ನು ಮುಂದುವರಿಸಲು ಬಿಡಬಹುದು. ಗ್ರೀನ್ ಕಾರ್ಡ್‌ದಾರರ ಸಂಗಾತಿಗೆ ಸರದಿ ಬರುವವರೆಗೆ ಜೊತೆಗಿರಲು ಅನುಮತಿ ಕೊಡಬಹುದು. ಅಮೆರಿಕದಲ್ಲಿ ಸಂಬಂಧಿಕರ ಅರ್ಜಿಗೆ ಕಾಗದದಲ್ಲಾದರೆ 675 ಡಾಲರ್, ಆನ್‌ಲೈನ್ ಆದರೆ 625 ಡಾಲರ್ ಶುಲ್ಕ ಕಟ್ಟಿಸಿಕೊಳ್ಳುತ್ತಾರೆ. ಇದೇ ವಿಭಾಗದಲ್ಲಿ, ಇದೇ ದೇಶದವರಿಗೆ ಎಷ್ಟು ವರ್ಷ ಹಿಡಿಯುತ್ತಿದೆ ಎಂಬುದನ್ನು ಆ ರಸೀತಿಯ ಮೇಲೆ ದೊಡ್ಡ ಅಕ್ಷರದಲ್ಲಿ ಮುದ್ರಿಸಿ ಕೊಡಲಿ. ಅದನ್ನು ಓದಿ ಧಾರವಾಡದ ತಮ್ಮ ಮನೆ ಕಟ್ಟಬೇಕೋ ಬೇಡವೋ, ಮಗಳನ್ನು ಯಾವ ಕಾಲೇಜಿಗೆ ಸೇರಿಸಬೇಕು, ಅಮ್ಮನನ್ನು ಯಾರು ನೋಡಿಕೊಳ್ಳಬೇಕು ಎಂಬುದನ್ನು ಅದೇ ವರ್ಷ ತೀರ್ಮಾನಿಸುತ್ತಾನೆ.